ರಂಗೂನಿನಲ್ಲಿ ಹುಟ್ಟಿದ ಗಂಗಿ

ನಮ್ಮ ಮನೆಯಲ್ಲಿ ಕಾಗದಕ್ಕೆ ರುಜು ಹಾಕುವುದೆಂದರೆ ಹಾವಿಗೆ ಕೈ ಹಾಕಿದ ಹಾಗೆ. ನಮ್ಮಪ್ಪ ಯಾವನದೋ ಮಾತು ಕೇಳಿ ಎಲ್ಲೋ ಹೆಬ್ಬೆಟ್ಟು ಒತ್ತಿ ಎರಡು ಎಕರೆ ಕಳೆದುಕೊಂಡವನು. ಸಾಯುವಾಗಲೂ ನನಗೆ ಹೇಳಿದ್ದು ಅದೊಂದೇ: "ಹಸಿದು ಬಂದ್ರೆ ಅನ್ನ ಹಾಕು, ಬಿದ್ದೋನ್ನ ಎತ್ತು, ಕಾಗದದ ಮೇಲೆ ಮಾತ್ರ ಏನೂ ಒತ್ತಬೇಡ ಕಣೋ ಮುನಿಯ." ಆ ಮಾತನ್ನು ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬದುಕಿದವನು ನಾನು. ಹಾಗೆ ಬದುಕಿ, ಸಾಕಿದ ಮಗಳ ವಿಷಯದಲ್ಲಿ ಎಂಥ ಕತ್ತೆ ಕೆಲಸ ಮಾಡಿದೆ ಅನ್ನುವುದನ್ನು ಈಗ ಹೇಳುತ್ತೇನೆ. ಬೈಯುವವರು ಕೊನೆಯವರೆಗೂ ಕೇಳಿ ಆಮೇಲೆ ಬೈಯಿರಿ.

ನಮ್ಮದು ಹೊಸಹಳ್ಳಿ. ಐವತ್ತೇಳನೇ ಇಸವಿಯಲ್ಲಿ ಅದಿನ್ನೂ ಹಳ್ಳಿಯೇ. ಮಾಗಡಿ ರಸ್ತೆಯ ಪಕ್ಕಕ್ಕೆ ನನಗೆ ನಾಲ್ಕು ಎಕರೆ ತೋಟ, ಒಂದು ಬಾವಿ, ಒಂದು ಜೊತೆ ಎತ್ತು. ಸೊಪ್ಪು, ಬದನೆ, ಹೂಕೋಸು ಬೆಳೆದು ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಸಿಟಿ ಮಾರ್ಕೆಟ್ಟಿಗೆ ಹಾಕಿ ಬರುತ್ತಿದ್ದೆ. ಆಗ ರಾಜಾಜಿನಗರದ ಕಡೆ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ಕೋಟು ಹಾಕಿದವರು ಸರಪಳಿ ಹಿಡಿದುಕೊಂಡು ಕಾಮಾಕ್ಷಿಪಾಳ್ಯದವರೆಗೂ ಅಳೆದುಕೊಂಡು ಬಂದಿದ್ದರು. ಮಣ್ಣಿಗೆ ಬೆಲೆ ಬಂದಿದೆ ಅನ್ನುವುದು ಎಮ್ಮೆ ಕಾಯುವವನಿಗೂ ತಿಳಿದಿತ್ತು.

ಗಂಗಿ ನಮ್ಮಣ್ಣ ಕೆಂಚಪ್ಪನ ಮಗಳು. ಅಣ್ಣ ಅಪ್ಪನ ಜೊತೆ ಜಗಳವಾಡಿ, ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ರಂಗೂನಿಗೆ ಹೋಗಿ ಅಲ್ಲಿ ಬಂದರಿನಲ್ಲಿ ಮೇಸ್ತ್ರಿಯಾಗಿದ್ದ. ಆ ದೇಶದ ಹೆಂಗಸನ್ನೇ ಮದುವೆಯಾಗಿದ್ದ. ಜಪಾನಿನವರು ಬಾಂಬು ಹಾಕಿದಾಗ ಊರಿಗೆ ಊರೇ ನಡೆದುಕೊಂಡು ಹೊರಟಿತಂತೆ. ದಾರಿಯಲ್ಲಿ ಅತ್ತಿಗೆ ಹೋದಳು, ಬೆಟ್ಟ ದಾಟಿದ ಮೇಲೆ ವಾಂತಿಭೇದಿ ಬಂದು ಅಣ್ಣನೂ ಹೋದ. ಅವನ ಜೊತೆ ಕೆಲಸ ಮಾಡುತ್ತಿದ್ದ ನೆಲಮಂಗಲದ ಗಾರೆಯವನೊಬ್ಬ ಎರಡು ವರ್ಷದ ಮಗುವನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಜಗಲಿ ಮೇಲೆ ಇಳಿಸಿ, "ಇದು ಕೆಂಚಪ್ಪನ ಮಗು" ಅಂದ. ಒಂದು ಚೊಂಬು ಮಜ್ಜಿಗೆ ಕುಡಿದು ಹೊರಟುಹೋದ. ಪುಣ್ಯಾತ್ಮನ ಹೆಸರು ಕೇಳುವುದಕ್ಕೂ ನಮಗೆ ತೋಚಲಿಲ್ಲ.

ನಮ್ಮವ್ವ ಅಕ್ಕಯ್ಯಮ್ಮ ಮಗುವಿಗೆ ಚಿಕ್ಕಗಂಗಮ್ಮ ಅಂತ ಹೆಸರಿಟ್ಟಳು. ನಮಗೆಲ್ಲ ಗಂಗಿ. ಕಣ್ಣು ಮಾತ್ರ ಅವರಮ್ಮನದು, ಸಣ್ಣವು. ಮಿಕ್ಕಿದ್ದೆಲ್ಲ ನಮ್ಮಣ್ಣನ ಅಚ್ಚು, ಆ ಅಗಲ ಹಣೆ, ಆ ಹಟ. ನನಗೂ ನನ್ನ ಹೆಂಡತಿ ವಿಮಲಮ್ಮನಿಗೂ ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ. ಹಾಗಾಗಿ ಮನೆಯಲ್ಲಿ ಓಡಾಡಿದ ಮಗು ಅದೊಂದೇ. ನಮ್ಮ ಮನೆಯಲ್ಲಿ ಅದು ಮೊದಲು ಕಲಿತ ಮಾತು "ಚಿಕ್ಕಪ್ಪ". ಮೂಗು ಸೋರಿದರೂ ಚಿಕ್ಕಪ್ಪ, ಮುಳ್ಳು ಚುಚ್ಚಿದರೂ ಚಿಕ್ಕಪ್ಪ. ಹದಿನೇಳು ವರ್ಷಕ್ಕೆ ಬಂದರೂ ಆ ಶಬ್ದ ಮುಂದಿಲ್ಲದೆ ಅವಳ ಮಾತು ಹೊರಡುತ್ತಿರಲಿಲ್ಲ.

ಸ್ಕೂಲಿಗೆ ಸೇರಿಸಿದ್ದು, ಆಗಿನ್ನೂ ಬದುಕಿದ್ದ ಅವ್ವ. ಮೇಷ್ಟ್ರು, "ಎಲ್ಲಿ ಹುಟ್ಟಿದ್ದು?" ಅಂತ ಕೇಳಿದರೆ, ಅವ್ವ ಸೆರಗು ಸರಿಮಾಡಿಕೊಂಡು, "ರಂಗೂನು ಕಣ್ ಸ್ವಾಮಿ, ಹಡಗು ಬರೋ ಊರು" ಅಂದಳಂತೆ. ಇಡೀ ಹೊಸಹಳ್ಳಿಯಲ್ಲಿ ಅಂಥ ಊರಿನಲ್ಲಿ ಹುಟ್ಟಿದವರು ಬೇರೆ ಯಾರೂ ಇಲ್ಲವಲ್ಲ, ಮುದುಕಿಗೆ ಅದೊಂದು ಹೆಚ್ಚುಗಾರಿಕೆ. ಮೇಷ್ಟ್ರು ಬರೆದುಕೊಂಡರು. ಆ ರಂಗೂನು ಒಂದು ರಿಜಿಸ್ಟರಿನಿಂದ ಇನ್ನೊಂದಕ್ಕೆ ಹಾರುತ್ತಾ ಎಸ್.ಎಸ್.ಎಲ್.ಸಿ. ಪುಸ್ತಕದವರೆಗೂ ಬಂತು.

ಎಸ್.ಎಸ್.ಎಲ್.ಸಿ.ಯಲ್ಲಿ ಗಂಗಿ ಫಸ್ಟ್ ಕ್ಲಾಸು. ಅವರ ಟೀಚರ್ ಗಿರಿಜಾದೇವಿ ಮನೆಗೇ ಬಂದು, "ಇವಳನ್ನ ಸೈನ್ಸಿಗೆ ಸೇರಿಸಿ ಮುನಿಯಪ್ಪನವ್ರೆ. ಡಾಕ್ಟ್ರಾಗೋ ತಲೆ ಇದೆ. ಮದುವೆ ಗಿದುವೆ ಅಂತ ಕಟ್ಟಿಹಾಕ್ಬೇಡಿ" ಅಂದರು. ನಾನು ಕೇರಿಗೆಲ್ಲ ಬೆಲ್ಲ ಹಂಚಿದೆ. ನಮ್ಮ ಕುಲದಲ್ಲಿ ಗಂಡಸರೇ ಲೋಯರ್ ಸೆಕೆಂಡರಿ ದಾಟಿರಲಿಲ್ಲ. ಗಾಡಿ ಹೊಡೆದುಕೊಂಡು ಹೋಗುವಾಗ, ನನ್ನ ಮನೆಯಿಂದ ಡಾಕ್ಟರು ಹೊರಡುತ್ತಾಳೆ ಅಂತ ಎತ್ತುಗಳಿಗೂ ಹೇಳುತ್ತಿದ್ದೆ.

ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಫೀಜು ಕಟ್ಟಲು ಹೋದಾಗ ಅಲ್ಲಿನ ಗುಮಾಸ್ತ ಪುಸ್ತಕ ತಿರುವಿ ಕನ್ನಡಕ ಮೇಲೆತ್ತಿದ.

"ರಂಗೂನಾ? ಅದೀಗ ಬೇರೆ ದೇಶ ಅಲ್ವೇನ್ರಿ? ಈಕೆ ಬರ್ಮಾ ಪ್ರಜೆಯೋ, ಇಂಡಿಯಾದವರೋ?"

"ಎಂಥ ಮಾತಾಡ್ತೀರಿ ಸ್ವಾಮಿ! ಹದಿನೈದು ವರ್ಷದಿಂದ ಹೊಸಹಳ್ಳೀಲಿ ಮುದ್ದೆ ತಿಂದ್ಕೊಂಡಿದಾಳೆ."

"ಮುದ್ದೆ ತಿಂದ ಮಾತ್ರಕ್ಕೆ ಪ್ರಜೆ ಆಗಲ್ಲ ಯಜಮಾನ್ರೆ. ಅಪ್ಪ ಈ ನೆಲದಲ್ಲಿ ಹುಟ್ಟಿದೋನು, ಈಕೆ ಅವನ ಮಗಳು ಅಂತ ಅಮಲ್ದಾರರ ಕಾಗದ ಬೇಕು. ಜುಲೈ ಹದಿನೈದರೊಳಗೆ ತಂದ್ರೆ ಸೀಟು. ಇಲ್ಲದಿದ್ರೆ ಪಟ್ಟೀಲಿ ಮುಂದಿನ ಹೆಸರು ಕರೀತೀವಿ."

ದಾರಿಯುದ್ದಕ್ಕೂ ನಾನು ಆ ಗುಮಾಸ್ತನನ್ನು ಅಣಕಿಸಿಕೊಂಡು ನಗುತ್ತಾ ಬಂದೆ. ಗಂಗಿ ನಗಲಿಲ್ಲ.

"ಚಿಕ್ಕಪ್ಪ, ಹಂಗಾದ್ರೆ ನಾನು ಯಾವ ದೇಶದೋಳು?"

"ತಲೆಗಿಲೆ ಕೆಟ್ಟಿದೆಯೇನೇ? ನಮ್ಮನೆಯೋಳು ಕಣೇ ನೀನು. ಒಂದು ಕಾಗದ ತಾನೆ, ಬಿಸಾಕಿದ್ರಾಯ್ತು ಅವನ ಮುಖಕ್ಕೆ."

ಅಂದೆ. ಆಗ ಮನಸ್ಸಿನಿಂದಲೇ ಅಂದೆ.

ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು, ಶಾನುಭೋಗರು ಮನೆಗೆ ಬಂದು ವಂಶವೃಕ್ಷ ಬರೆಯಬೇಕು, ಮನೆ ಯಜಮಾನ ಹೇಳಿಕೆ ಕೊಟ್ಟು ರುಜು ಹಾಕಬೇಕು, ಅದರ ಮೇಲೆ ತಾವು ಸರ್ಟಿಫಿಕೇಟು ಕೊಡುತ್ತೇವೆ ಅಂದರು. ಮನೆ ಯಜಮಾನ ಅಂದರೆ ನಾನು. ಶಾನುಭೋಗರು ಮಂಗಳವಾರ ಬರುತ್ತೇನೆ ಅಂದರು.

ಭಾನುವಾರ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳಲು ಬಂದಿದ್ದ ಒಬ್ಬ ವಕೀಲರ ಗುಮಾಸ್ತನಿಗೆ ಈ ಕಥೆ ಹೇಳಿದೆ. ಹಾಳಾದ ಬಾಯಿ ಸುಮ್ಮನಿರಬೇಕಲ್ಲ! ಅವನು ಸೊಪ್ಪಿನ ಕಂತೆ ಕೆಳಗಿಟ್ಟು, "ಮುನಿಯಪ್ಪ, ಹೋದ ವರ್ಷ ಹೊಸ ಕಾಯ್ದೆ ಬಂದಿದೆ, ಹೆಣ್ಣುಮಕ್ಕಳಿಗೂ ಆಸ್ತೀಲಿ ಭಾಗ. ಅಣ್ಣನ ಮಗಳು ಅಂತ ಬರ್ಕೊಟ್ಯೋ, ಅರ್ಧ ತೋಟ ಅವಳದು. ನಾಳೆ ಅವಳ ಗಂಡ ಬಂದು ನಿನ್ನ ಬಾವಿ ಪಕ್ಕದಲ್ಲಿ ಕಲ್ಲು ನೆಡ್ತಾನೆ ನೋಡು" ಅಂದ. ಕಾಯ್ದೆ ಹಾಗೇ ಇದೆಯೋ ಇಲ್ಲವೋ ನನಗೇನು ಗೊತ್ತು? ಹೆಬ್ಬೆಟ್ಟು ಒತ್ತಿ ಬಂದ ದಿನ ಅಪ್ಪ ಬಾವಿಕಟ್ಟೆ ಮೇಲೆ ಕೂತು ಗಂಡಸಾಗಿ ಅತ್ತಿದ್ದು ನೆನಪಾಯಿತು.

ಎರಡು ದಿನ ಅದೇ ಗುಂಗು. ಅವಳನ್ನು ಮನೆಯಿಂದ ಓಡಿಸುವ ಯೋಚನೆ ನನಗೆ ಕನಸಿನಲ್ಲೂ ಬರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಉಣ್ಣಲಿ, ಉಡಲಿ, ಒಳ್ಳೆಯ ಕಡೆ ಕೊಟ್ಟು ಚಪ್ಪರ ಹಾಕಿ ಮದುವೆ ಮಾಡುತ್ತೇನೆ, ಬಾಣಂತನ ಮಾಡುತ್ತೇನೆ. ಬಾಳುವುದು ಬೇರೆ, ಬರೆದುಕೊಡುವುದು ಬೇರೆ ಅಂತ ನನ್ನ ಲೆಕ್ಕ. ಕಾಲೇಜು ತಪ್ಪಿದರೆ ತಪ್ಪಲಿ, ಹೊಸಹಳ್ಳಿಯ ಹುಡುಗಿಯರೆಲ್ಲ ಕಾಲೇಜಿಗೆ ಹೋಗಿಯೇ ಬದುಕಿದ್ದಾರೆಯೇ ಅಂತ ನನಗೆ ನಾನೇ ಹೇಳಿಕೊಂಡೆ.

ಮಂಗಳವಾರ ಶಾನುಭೋಗರು ಜಗಲಿ ಮೇಲೆ ಚಾಪೆ ಹಾಸಿಸಿಕೊಂಡು ಕೂತರು. ಗಂಗಿ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಶಾನುಭೋಗರು ಅಪ್ಪನ ಹೆಸರು, ತಾತನ ಹೆಸರು ಬರೆದುಕೊಂಡರು.

"ಕೆಂಚಪ್ಪ ನಿನ್ನ ಒಡಹುಟ್ಟಿದ ಅಣ್ಣ, ಹೌದೋ?"

"ಹೌದು."

"ಈ ಹುಡುಗಿ ಅವನ ಮಗಳು, ಹೌದೋ?"

"ನನಗೆ ಗೊತ್ತಿಲ್ಲ ಸ್ವಾಮಿ," ಅಂದೆ. "ಯಾರೋ ತಂದು ಬಿಟ್ರು. ಅನಾಥ ಮಗು ಅಂತ ಸಾಕಿದ್ವಿ."

ಶಾನುಭೋಗರ ಲೇಖನಿ ನಿಂತಿತು. ಈ ಮಗು ನನ್ನ ಹೆಗಲ ಮೇಲೆ ಕೂತು ಊರು ಸುತ್ತಿದ್ದನ್ನು ಅವರೂ ಕಣ್ಣಾರೆ ಕಂಡವರೇ.

"ಮುನಿಯಪ್ಪ, ಯೋಚನೆ ಮಾಡಿ ಹೇಳು."

"ಯೋಚನೆ ಮಾಡೇ ಹೇಳ್ತಾ ಇದೀನಿ. ಬರ್ಕೊಳಿ."

ಬರೆದುಕೊಂಡರು. ನಾನು ರುಜು ಹಾಕಿದೆ. ಕಾಗದ ಕಂಡರೆ ಮಾರು ದೂರ ಹಾರುತ್ತಿದ್ದವನು, ಆ ಕಾಗದಕ್ಕೆ ಮಾತ್ರ ಕೈ ನಡುಗದೆ ಹಾಕಿದೆ ನೋಡಿ. ಗಂಗಿ ಮಜ್ಜಿಗೆ ಲೋಟವನ್ನು ಶಾನುಭೋಗರ ಮುಂದಿಟ್ಟು ಒಳಗೆ ಹೋದಳು. ಒಂದು ತೊಟ್ಟೂ ಚೆಲ್ಲಲಿಲ್ಲ.

ಶಾನುಭೋಗರು ಬೀದಿ ತಿರುಗುವವರೆಗೆ ಸುಮ್ಮನಿದ್ದ ವಿಮಲಮ್ಮ ಆಮೇಲೆ ಹಿಡಿದುಕೊಂಡಳು. "ಅಯ್ಯೋ ನಿಮ್ಮ ನಾಲಿಗೆ ಬಿದ್ದೋಗಾ! ಗೊತ್ತಿಲ್ವಾ? ನಿಮಗೆ ಗೊತ್ತಿಲ್ವಾ? ಜ್ವರ ಬಂದಾಗ ಮೂರು ದಿನ ತೊಡೆ ಮೇಲಿಂದ ಇಳಿಸ್ದಲೆ ಕೂತಿದ್ರಲ್ಲ, ಆಗ ಯಾರ ಮಗು ಅಂತ ಕೂತಿದ್ರಿ?"

"ನಿನಗೇನು ಗೊತ್ತಾಗುತ್ತೆ ಸುಮ್ನಿರು. ತೋಟ ಹೋದ್ರೆ ಮಣ್ಣು ತಿಂತೀಯಾ?"

"ಈಗ ತಿಂದಿರೋದೇನು ಮತ್ತೆ?" ಅಂದಳು ಅವಳು. ಅವತ್ತಿನಿಂದ ತಟ್ಟೆ ನನ್ನ ಮುಂದೆ ಕುಕ್ಕುವುದೇ ಹೊರತು ಮಾತಿಲ್ಲ.

ಗಂಗಿ ಮಾತು ಬಿಡಲಿಲ್ಲ. ಅಳಲೂ ಇಲ್ಲ. "ಊಟಕ್ಕೆ ಬರ್ಬೇಕಂತೆ." "ಎತ್ತಿಗೆ ಹುಲ್ಲು ಹಾಕಿದೀನಿ." "ನೀರು ಕಾದಿದೆ." ಎಲ್ಲ ಸರಿಯಾಗಿ ಹೇಳುತ್ತಿದ್ದಳು, ಮುಂದೆ ಇರಬೇಕಾದ ಶಬ್ದ ಒಂದು ಮಾತ್ರ ಇಲ್ಲ. ಮೊದಲ ದಿನ ನನಗೆ ತಿಳಿಯಲಿಲ್ಲ. ಎರಡನೇ ದಿನ ತಿಳಿಯಿತು. ತಿಳಿದ ಮೇಲೆ ಮನೆಯಲ್ಲಿ ಕೂರುವುದಕ್ಕೆ ಆಗಲಿಲ್ಲ, ತೋಟದಲ್ಲಿ ಇಲ್ಲದ ಕಳೆ ಕಿತ್ತೆ.

ಗುರುವಾರ ದೀಪದ ಗೂಡಿನಲ್ಲಿ ಒಂದು ಕಾಗದ ಇತ್ತು. ಅವಳ ದುಂಡನೆಯ ಅಕ್ಷರ. "ನನಗೆ ಈ ಮನೆಯ ಜಮೀನಿನಲ್ಲಿ ಯಾವ ಹಕ್ಕೂ ಬೇಡ, ಮುಂದೆಯೂ ಕೇಳುವುದಿಲ್ಲ" ಅಂತ ಬರೆದು ಕೆಳಗೆ ಚಿಕ್ಕಗಂಗಮ್ಮ ಅಂತ ರುಜು. ನನ್ನ ಮನಸ್ಸಿಗೆ ಮೊದಲು ಬಂದದ್ದು ಏನು ಗೊತ್ತೇ? ಹದಿನೇಳು ವರ್ಷದವಳು ಬರೆದದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವಲ್ಲ ಅಂತ. ಥೂ ನನ್ನ ಜನ್ಮಕ್ಕೆ. ವಿಮಲಮ್ಮ ಹಿಂದಿನಿಂದ ಬಂದು ಕಾಗದ ಕಿತ್ತುಕೊಂಡು ಒಲೆಗೆ ಹಾಕಿದಳು.

ಶನಿವಾರ ಬೆಳಿಗ್ಗೆ ನೋಡಿದರೆ ಮನೆಯಲ್ಲಿ ವಿಮಲಮ್ಮನೂ ಇಲ್ಲ, ಗಂಗಿಯೂ ಇಲ್ಲ. ಮಾಗಡಿ ಬಸ್ಸು ಹತ್ತಿದರು ಅಂತ ಪಕ್ಕದ ಮನೆಯವರು ಹೇಳಿದರು. ಮಧ್ಯಾಹ್ನ ವಾಪಸು ಬಂದಾಗ ಜೊತೆಯಲ್ಲಿ ನಮ್ಮ ಮನೆತನದ ಹೆಳವ ಬೆಟ್ಟಯ್ಯ ಇದ್ದ.

ಹೆಳವರು ಅಂದರೆ ನಮ್ಮಂಥ ಒಕ್ಕಲು ಮನೆಗಳ ವಂಶ ಬರೆದಿಡುವವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಬಾಗಿಲಲ್ಲಿ ಗಂಟೆ ಬಾರಿಸಿ, ಮೂಲಪುರುಷನಿಂದ ಹಿಡಿದು ಇವತ್ತಿನವರ ತನಕ ಹೆಸರು ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಗಂಡುಮಕ್ಕಳನ್ನು ಬರೆದುಕೊಂಡು, ಕೊಟ್ಟ ರಾಗಿಯನ್ನೋ ಕರುವನ್ನೋ ತೆಗೆದುಕೊಂಡು ಹೋಗುತ್ತಾರೆ. ಆಷಾಢದಲ್ಲಿ ಹೆಳವ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅದೂ ಬಸ್ಸಿನಲ್ಲಿ! ಗಂಟೆ ಶಬ್ದ ಕೇಳಿ ಕೇರಿಗೆ ಕೇರಿಯೇ ಸೇರಿತು.

ಬೆಟ್ಟಯ್ಯ ಕೆಂಪು ವಸ್ತ್ರ ಬಿಚ್ಚಿ ಪುಸ್ತಕ ತೆಗೆದ. ಮುದುಕನಾಗಿದ್ದ, ಆದರೆ ಗಂಟಲು ಹಾಗೇ ಇತ್ತು. ತಾತ, ಮುತ್ತಾತ, ಅವರು ಕಟ್ಟಿಸಿದ ಕಟ್ಟೆ, ತೋಡಿಸಿದ ಬಾವಿ ಎಲ್ಲ ರಾಗವಾಗಿ ಹೇಳಿಕೊಂಡು ನಮ್ಮಪ್ಪನವರೆಗೆ ಬಂದ.

"ಅವನ ಹೊಟ್ಟೇಲಿ ಗಂಡು ಎರಡು, ಕೆಂಚಪ್ಪ, ಮುನಿಯಪ್ಪ. ಕೆಂಚಪ್ಪ ಸಮುದ್ರ ದಾಟಿ ರಂಗೂನಿಗೆ ಹೋಗಿ ಬರೋ ದಾರೀಲಿ ಮಡಿದ. ಅವನ ಮಗಳು ಚಿಕ್ಕಗಂಗಮ್ಮ. ಬರೆಸಿದೋನು ಚಿಕ್ಕಪ್ಪ ಮುನಿಯಪ್ಪ. ಕೊಟ್ಟದ್ದು ಒಂದು ಕಡಸು."

ಪುಸ್ತಕದಿಂದ ತಲೆಯೆತ್ತಿ ಮಾಮೂಲು ಧ್ವನಿಯಲ್ಲಿ ಹೇಳಿದ: "ಹೆಣ್ಣಿನ ಹೆಸರು ಬರೆಯೋ ವಾಡಿಕೆ ಇಲ್ಲ ಕಣಪ್ಪ, ಹೆಣ್ಣು ಇನ್ನೊಂದು ಮನೆಗೆ ಹೋಗೋದು ಅಂದೆ ನಾನು. ಬರೀದಿದ್ರೆ ಇನ್ನು ಈ ಬಾಗಿಲಿಗೆ ಬರಬೇಡ ಹೋಗು ಅಂತ ಹಾರಾಡ್ದಲ್ಲಪ್ಪ ನೀನು. ಈ ಮಗು ನಿನ್ನ ಹೆಗಲ ಮೇಲೆ ಕೂತಿತ್ತು. ನಮ್ಮ ಪುಸ್ತಕದಲ್ಲಿ ನಾನು ಬರೆದ ಹೆಣ್ಣು ಹೆಸರು ಇದೊಂದೇ."

ನಾನು ಮರೆತಿದ್ದೆ ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮರೆತಿರಲಿಲ್ಲ. ಹೆಳವನ ಪುಸ್ತಕದಲ್ಲಿ ರುಜು ಇಲ್ಲ, ಮೊಹರಿಲ್ಲ, ಅದೇನು ಸರ್ಕಾರಿ ಕಾಗದವೇ ಅಂತ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ. ಅಣ್ಣ ಸತ್ತ ಮಾರನೇ ವರ್ಷ, ಅವನ ಹೆಸರು ಅಲ್ಲಿಗೇ ನಿಂತುಹೋಗಬಾರದು ಅಂತ ನಾನೇ ಬರೆಸಿದ್ದು ಅದು. ಕೇರಿಯ ಜನ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು. ಹೆಗಲ ಮೇಲಿನ ವಲ್ಲಿ ತೆಗೆದು ಮುಖ ಒರೆಸಿಕೊಂಡು, "ಸೋಮವಾರ ಕಚೇರಿಗೆ ಬರ್ತೀಯಾ ಬೆಟ್ಟಯ್ಯ?" ಅಂದೆ.

ಸೋಮವಾರವೇ ಜುಲೈ ಹದಿನೈದು. ಬಾಗಿಲು ತೆರೆಯುವ ಮೊದಲೇ ನಾನು, ಗಂಗಿ, ಬೆಟ್ಟಯ್ಯ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲಿದ್ದೆವು. ಅಮಲ್ದಾರರು ಹೆಳವನ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು.

"ಚೆನ್ನಾಗಿದೆ, ಆದ್ರೆ ಇದರ ಮೇಲೆ ನಾನು ಸರ್ಟಿಫಿಕೇಟ್ ಕೊಡಕ್ಕಾಗಲ್ಲ. ಮನೆ ಯಜಮಾನರ ಮಾತು ಬೇಕು. ಅದು ಇಲ್ಲಿದೆ ನೋಡಿ. ಹೋದ ಮಂಗಳವಾರ ಗೊತ್ತಿಲ್ಲ ಅಂತ ರುಜು ಹಾಕಿದೀರಿ. ಈ ಸೋಮವಾರ ಗೊತ್ತು ಅಂತೀರಿ. ನಡುವೆ ಏನಾಯ್ತು?"

"ನಾಚಿಕೆ ಆಯ್ತು ಸ್ವಾಮಿ."

"ಸುಳ್ಳು ಹೇಳಿಕೆಗೆ ನಿಮ್ಮನ್ನ ಒಳಗೆ ಹಾಕಿಸಬಹುದು, ಗೊತ್ತಾ?"

"ಹಾಕ್ಸಿ. ಇವಳ ಕಾಗದ ಮೊದಲು ಕೊಟ್ಬಿಡಿ, ಇವತ್ತೇ ಕೊನೇ ದಿನ."

"ಇದನ್ನ ಇಟ್ಕೊಂಡು ನಾಳೆ ಭಾಗ ಕೇಳಬಹುದು ಈಕೆ."

"ಕೇಳ್ಲಿ. ಅವಳಪ್ಪಂದು ಅವಳು ಕೇಳ್ತಾಳೆ."

ಇದನ್ನು ಗಂಗಿಗೆ ಕೇಳಿಸಲೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಅವಳು ಕಿಟಕಿಯ ಹೊರಗೆ ಜಟಕಾ ಕುದುರೆ ನೋಡುತ್ತಿದ್ದಳು. ಗುಮಾಸ್ತ ಹೊಸ ಹೇಳಿಕೆ ಬರೆದು ಓದಿದ. ರುಜು ಹಾಕುವಾಗ ಈ ಸಲ ಶಾಯಿ ಹರಡಿತು. ಮೊಹರು ಬೀಳುವ ಹೊತ್ತಿಗೆ ಮೂರು ಗಂಟೆ ದಾಟಿತ್ತು. ಬೆಟ್ಟಯ್ಯನನ್ನು ಮಾಗಡಿ ಬಸ್ಸಿಗೆ ಹತ್ತಿಸಿ, ನಾವಿಬ್ಬರೂ ಜಟಕಾ ಮಾಡಿಕೊಂಡು ಕಾಲೇಜಿಗೆ ಓಡಿದೆವು.

ಕಾಲೇಜಿನ ಗುಮಾಸ್ತ ಆಗಲೇ ಬೀರುವಿಗೆ ಬೀಗ ಹಾಕುತ್ತಿದ್ದ. ಕಾಗದ ನೋಡಿ, ಗೊಣಗಿಕೊಂಡು, ಮತ್ತೆ ಬೀಗ ತೆಗೆದು, ಒಂದು ಫಾರಂ ಕೊಟ್ಟು, "ಬೇಗ ತುಂಬಮ್ಮ" ಅಂದ. ಗಂಗಿ ಮೇಜಿನ ಮೂಲೆಯಲ್ಲಿ ನಿಂತೇ ಬರೆದಳು. ತನ್ನ ಹೆಸರು ಬರೆದಳು. ತಂದೆ ಕೆಂಚಪ್ಪ, ಮುಂದೆ ದಿವಂಗತ ಅಂತ ಬರೆದಳು. ಹುಟ್ಟಿದ ಸ್ಥಳ ರಂಗೂನ್, ರಾಷ್ಟ್ರೀಯತೆ ಭಾರತೀಯ ಅಂತ ತಡವರಿಸದೆ ಬರೆದಳು. ಪೋಷಕರ ಹೆಸರು ಎಂಬಲ್ಲಿ ಮುನಿಯಪ್ಪ ಅಂತ ಬರೆದು ನಿಲ್ಲಿಸಿದಳು.

"ಸಂಬಂಧ ಅಂತಿದೆ," ಅಂದಳು, ತಲೆಯೆತ್ತದೆ. "ಏನಂತ ಬರೀಲಿ?"

ಚುಚ್ಚಲಿಕ್ಕೆ ಕೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಚುಚ್ಚಲಿಲ್ಲ. ನಿಜವಾಗಿಯೂ ಕೇಳಿದಳು. ಸಾಕಿದವರು ಅಂತ ಬರಿ ಅಂದಿದ್ದರೂ ಬರೆಯುತ್ತಿದ್ದಳು. ಗುಮಾಸ್ತನಿಗೆ ಹೊತ್ತಾಗಿತ್ತು, "ಇವರು ನಿನಗೇನಾಗ್ಬೇಕಮ್ಮ, ಅಷ್ಟೂ ಗೊತ್ತಿಲ್ವಾ?" ಅಂತ ರೇಗಿದ. ಅವಳು ಲೇಖನಿ ಹಿಡಿದುಕೊಂಡು ಕಾಯುತ್ತಾ ನಿಂತಳು.

"ಚಿಕ್ಕಪ್ಪ ಅಂತ ಬರಿಯಮ್ಮ," ಅಂದೆ. ಇನ್ನೊಂದು ಸಲ ಹೇಳಬೇಕಾಯಿತು. ಅವಳು ಬರೆದಳು. ಗುಮಾಸ್ತ ರಸೀದಿ ಹರಿದುಕೊಟ್ಟ, ಸೀಟು ಆಯಿತು.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದೆವು. ರಸೀದಿಯನ್ನು ನಾಲ್ಕಾಗಿ ಮಡಿಸಿ ಅಂಗೈಯಲ್ಲಿ ಹಿಡಿದಿದ್ದಳು, ಆಗಾಗ ಬಿಚ್ಚಿ ನೋಡಿ ನಗುತ್ತಿದ್ದಳು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಅಂತ ಕಾಯುತ್ತಾ ಕೂತಿದ್ದೆ. ಟೋಲ್‌ಗೇಟ್ ಬಂದಾಗ ಗಂಗಿ ಎದ್ದು ನನ್ನ ಕಡೆ ತಿರುಗಿದಳು.

"ಇಳೀಬೇಕು," ಅಂದಳು. ಅಷ್ಟೇ ಅಂದಳು.